ಪತ್ತಿನ ಸಹಕಾರಿಗೆ ಲೋಗೋ: ವೃತ್ತವೋ ಚೌಕವೋ? ಆಕಾರ ನಿಜಕ್ಕೂ ಎಷ್ಟು ಕೆಲಸ ಮಾಡುತ್ತೆ?

ಗೆರೆಗಾರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಮಟ್ಟದ ಒಂದು ಸೌಹಾರ್ದ ಪತ್ತಿನ ಸಹಕಾರಿಗೆ ಲೋಗೋ ಮಾಡಿಕೊಡಬೇಕಿದೆ. ಸದಸ್ಯರಲ್ಲಿ ಹೆಚ್ಚಿನವರು ಅಡಿಕೆ ಬೆಳೆಗಾರರು, ಪೇಟೆಯ ಸಣ್ಣ ಅಂಗಡಿಯವರು. ಆಡಳಿತ ಮಂಡಳಿಯ ಬೇಡಿಕೆ ಎರಡು: ನೋಡಿದರೆ ನಮ್ಮವರದ್ದು ಅನಿಸಬೇಕು, ಠೇವಣಿ ಇಟ್ಟರೆ ಭದ್ರ ಅಂತಲೂ ಅನಿಸಬೇಕು.

ಮೂರು ಕರಡು ಇದೆ. ಒಂದು, ವೃತ್ತದೊಳಗೆ ಕೈ ಕುಲುಕುವ ಚಿತ್ರ. ಎರಡು, ಚೂಪು ಮೂಲೆಯ ಚೌಕ, ಒಳಗೆ ಏರುತ್ತಾ ಹೋಗುವ ಮೂರು ಪಟ್ಟಿ. ಮೂರು, ಗುರಾಣಿಯನ್ನು ಸರಳ ಮಾಡುತ್ತಾ ಹೋಗಿ ಕೊನೆಗೆ ಉಳಿದ ಕೆಂಪು ಬಣ್ಣದ ಕೆಳಮುಖ ತ್ರಿಕೋನ. ಅಧ್ಯಕ್ಷರು ವೃತ್ತ ಅಂತಾರೆ, ಕಾರ್ಯದರ್ಶಿ ಚೌಕ ಅಂತಾರೆ. ಇಬ್ಬರ ಕೈಲೂ ಒಂದೊಂದು ವಿಡಿಯೊ: ವೃತ್ತ ಅಂದರೆ ಪ್ರೀತಿ, ಚೌಕ ಅಂದರೆ ನಂಬಿಕೆ, ತ್ರಿಕೋನ ಅಂದರೆ ಶಕ್ತಿ.

ಈ ಪಟ್ಟಿಯಲ್ಲಿ ಹುರುಳಿದೆಯೇ? ಎರಡನೆಯದು, ವೃತ್ತಕ್ಕೂ ಚೌಕಕ್ಕೂ ಒಂದೇ ಅಳತೆ ಕೊಟ್ಟರೂ ವೃತ್ತ ಸಣ್ಣದಾಗಿ ಕಾಣ್ತಿದೆ, ಎಷ್ಟು ಹಿಗ್ಗಿಸಬೇಕು? ಚೌಕದ ಮೂಲೆ ದುಂಡು ಮಾಡಿದರೆ ಎಷ್ಟು ಮಾಡೋದು? ಕೊನೆಯದಾಗಿ, ಸಂಘದ ಹೆಸರು ಉದ್ದ, "…ಸೌಹಾರ್ದ ಪತ್ತಿನ ಸಹಕಾರಿ ನಿಯಮಿತ" ಅಂತ ಮುಗಿಯುತ್ತೆ. ಅದನ್ನು ವೃತ್ತದ ಸುತ್ತ ಬರೆಯಬೇಕಂತೆ. ಬಳಕೆ: 12 x 3 ಅಡಿ ಬೋರ್ಡು, ಪಾಸ್‌ಬುಕ್ಕು, ರಬ್ಬರ್ ಸೀಲು, ವಾಟ್ಸಾಪ್ ಡಿಪಿ, ಸಿಬ್ಬಂದಿ ಶರ್ಟಿನ ಜೇಬಿನ ಮೇಲೆ ಕಸೂತಿ.

---

ದುಂಡುಮೂಲೆ ಉತ್ತರ:

ಮೊದಲು ಮೂರನೇ ಕರಡನ್ನು ಕೈಬಿಡಿ. ನಮ್ಮ ದೇಶದಲ್ಲಿ ಕೆಂಪು ಬಣ್ಣದ ಕೆಳಮುಖ ತ್ರಿಕೋನ ಅಂದರೆ ಕುಟುಂಬ ಯೋಜನೆಯ ಗುರುತು. ಆಸ್ಪತ್ರೆ ಗೋಡೆಗಳ ಮೇಲೆ ದಶಕಗಟ್ಟಲೆ ಕಂಡದ್ದು. ಹಿರಿಯ ಸದಸ್ಯರಿಗೆ ಅಲ್ಲಿ ಗುರಾಣಿ ಕಾಣೋದೇ ಇಲ್ಲ. ಬಣ್ಣ ಬದಲಿಸಿದರೂ ತೊಂದರೆ ಪೂರ್ತಿ ಹೋಗಲ್ಲ. ರಸ್ತೆಯಲ್ಲಿ ಎಚ್ಚರಿಕೆಯ ಫಲಕ ತ್ರಿಕೋನ, ಆಜ್ಞೆಯ ಫಲಕ ವೃತ್ತ, ಮಾಹಿತಿ ಫಲಕ ಆಯತ. ಹೀಗೆ ಜನ ದಿನಾ ನೋಡಿ ಕಲಿತಿರುವ ಅರ್ಥದ ಮುಂದೆ ವಿಡಿಯೊದ "ತ್ರಿಕೋನ ಅಂದರೆ ಶಕ್ತಿ" ನಿಲ್ಲೋದಿಲ್ಲ.

ಇನ್ನು ಆ ಪಟ್ಟಿ. ಅದರಲ್ಲಿ ನಿಜದ ಪಾಲು ಚಿಕ್ಕದು: ದುಂಡು ಗೆರೆ ಮೃದು, ಮೂಲೆಯುಳ್ಳ ಗೆರೆ ಗಡಸು ಅನ್ನುವ ಭಾವ. ಇದು ಹಳೆಯ ಪ್ರಯೋಗ. 1929ರಲ್ಲಿ ಮನೋವಿಜ್ಞಾನಿ ವೋಲ್ಫ್‌ಗಾಂಗ್ ಕೋಲರ್ ಒಂದು ದುಂಡು, ಒಂದು ಮೊನಚು ಆಕೃತಿ ತೋರಿಸಿ, ಅರ್ಥವಿಲ್ಲದ ಎರಡು ಹೆಸರು ಕೊಟ್ಟು ಯಾವುದು ಯಾವುದಕ್ಕೆ ಅಂತ ಕೇಳಿದ್ದರು. 2001ರಲ್ಲಿ ರಾಮಚಂದ್ರನ್ ಮತ್ತು ಹಬ್ಬರ್ಡ್ ಅದನ್ನೇ ‘ಬೂಬಾ, ಕಿಕಿ’ ಹೆಸರಲ್ಲಿ ಮಾಡಿ, ಶೇ. 95ಕ್ಕೂ ಹೆಚ್ಚು ಜನ ದುಂಡಕ್ಕೆ ಬೂಬಾ, ಮೊನಚಿಗೆ ಕಿಕಿ ಅಂದರು ಅಂತ ಬರೆದರು. ಆಮೇಲೆ 25 ಭಾಷೆಗಳವರನ್ನು ಕೇಳಿದಾಗ ಆ ಪ್ರಮಾಣ ಸುಮಾರು ಶೇ. 72ಕ್ಕೆ ಇಳಿಯಿತು. ಅಂದರೆ ಪರಿಣಾಮ ಇದೆ, ಆದರೆ ಎಲ್ಲರ ಮೇಲೂ ಒಂದೇ ಥರ ಆಗೋದಿಲ್ಲ.

ಲೋಗೋ ಮೇಲೆಯೇ ನಡೆದ ಕೆಲಸದಲ್ಲಿ ನಿಮಗೆ ಉಪಯೋಗಕ್ಕೆ ಬರೋದು 2016ರಲ್ಲಿ ಜಿಯಾಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಐದು ಪ್ರಯೋಗಗಳು. ಅದೇ ಸಾಮಾನಿಗೆ ದುಂಡು ಲೋಗೋ ಹಾಕಿದಾಗ ಜನ ಅದನ್ನು ಹೆಚ್ಚು ಆರಾಮದ್ದು ಅಂತ ಎಣಿಸಿದರು. ಮೂಲೆಯ ಲೋಗೋ ಹಾಕಿದಾಗ ಹೆಚ್ಚು ಬಾಳಿಕೆಯದ್ದು ಅಂತ ಎಣಿಸಿದರು. ಕಂಪನಿಯ ಬಗೆಗಿನ ಅಭಿಪ್ರಾಯವೂ ಇದೇ ದಾರಿಯಲ್ಲಿ ಬದಲಾಯಿತು. ಆದರೆ ಜಾಹೀರಾತಿನ ಶೀರ್ಷಿಕೆ ಆಕಾರಕ್ಕೆ ವಿರುದ್ಧವಾದ ಗುಣವನ್ನು ಎತ್ತಿ ಹೇಳಿದಾಗ ಆಕಾರದ ಪ್ರಭಾವ ಕುಗ್ಗಿತು. ಈ ಕೊನೆಯ ಮಾತನ್ನು ವಿಡಿಯೊ ಮಾಡುವವರು ಹೇಳೋದೇ ಇಲ್ಲ. ನಿಮ್ಮ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ "ಠೇವಣಿಗೆ ಭದ್ರತೆ" ಅಂತ ಬರೆದರೆ, ಪಕ್ಕದ ವೃತ್ತ ಎಷ್ಟು ಮೃದು ಅನ್ನೋದು ಯಾರ ತಲೆಗೂ ಹೋಗಲ್ಲ.

ಹತ್ತಿರದ ಉದಾಹರಣೆ ನೋಡಿ. ಸ್ಟೇಟ್ ಬ್ಯಾಂಕಿನ ಗುರುತು 1971ರದ್ದು, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ (ಎನ್‌ಐಡಿ) ಶೇಖರ್ ಕಾಮತ್ ಮಾಡಿದ್ದು. ತುಂಬಿದ ನೀಲಿ ವೃತ್ತ, ನಡುವೆ ಸಣ್ಣ ರಂಧ್ರ, ಅಲ್ಲಿಂದ ಕೆಳಕ್ಕೆ ನೇರ ಸೀಳು. ಹೊರಗೆ ಪೂರ್ತಿ ದುಂಡು, ಆದರೂ ಯಾರಿಗೂ ಅದು ಮೆತ್ತಗೆ ಅನಿಸಲ್ಲ. ಕಾರಣ ಎರಡು: ವೃತ್ತ ಬರೀ ಗೆರೆಯಲ್ಲ, ಭಾರವಾಗಿ ತುಂಬಿದೆ, ಒಳಗಿನ ಸೀಳಿನ ಅಂಚು ಚೂಪು, ಬೀಗದ ಕಿಂಡಿಯ ಹಾಗೆ. ಕೆನರಾ ಬ್ಯಾಂಕ್ ಇದಕ್ಕೆ ತಿರುಗುಮುರುಗು. 2007ರಲ್ಲಿ ಬಂದ ಗುರುತು ನೀಲಿ, ಹಳದಿ ಎರಡು ತ್ರಿಕೋನ. ಆಕಾರ ಮೊನಚು, ಆದರೆ ಒಂದರೊಳಗೆ ಒಂದು ಹೆಣೆದುಕೊಂಡಿರೋದರಿಂದ ಓದುವ ಅರ್ಥ ಬೆಸುಗೆ, ನಂಟು. ಒಟ್ಟು ಆಕಾರ ಒಂದು ಮಾತು ಹೇಳುತ್ತೆ, ಒಳಗಿನ ಜೋಡಣೆ ಇನ್ನೊಂದು ಹೇಳುತ್ತೆ. ನಿಮ್ಮ ಮಂಡಳಿಯ ಎರಡು ಬೇಡಿಕೆಗೆ ದಾರಿ ಅಲ್ಲಿದೆ. ಹೊರಗಿನ ಆಕಾರಕ್ಕೆ ಒಂದು ಗುಣ, ಒಳಗಿನದಕ್ಕೆ ಇನ್ನೊಂದು. ಎರಡನ್ನೂ ಒಂದೇ ಗೆರೆಯ ಮೇಲೆ ಹೇರಿದರೆ ಯಾವುದೂ ಆಗಲ್ಲ.

ಕೈ ಕುಲುಕುವ ಚಿತ್ರದ ಬಗ್ಗೆ ಮೃದುವಾಗಿ ಹೇಳೋಕೆ ಆಗಲ್ಲ: ಬೇಡ. ಹತ್ತು ಬೆರಳಿನ ಗೆರೆ ಸೀಲಿನಲ್ಲಿ ಮಸಿಯ ಉಂಡೆಯಾಗುತ್ತೆ.

---

ನೋಡ್_ಮತ್ತು_ಹ್ಯಾಂಡಲ್ ಉತ್ತರ:

ಅಳತೆಯ ಪ್ರಶ್ನೆಗಳಿಗೆ ನಾನು.

ಬದಿ 100 ಇರುವ ಚೌಕದೊಳಗೆ 100 ವ್ಯಾಸದ ವೃತ್ತ ಕೂರಿಸಿದರೆ ವೃತ್ತದ ವಿಸ್ತೀರ್ಣ ಚೌಕದ ಶೇ. 78.5 ಮಾತ್ರ. ಅದಕ್ಕೇ ಚಿಕ್ಕದಾಗಿ ಕಾಣೋದು. ವಿಸ್ತೀರ್ಣ ಸಮ ಮಾಡಬೇಕಾದರೆ ವ್ಯಾಸ 112.8 ಆಗಬೇಕು. ಕಣ್ಣಿಗೆ ಸಾಮಾನ್ಯವಾಗಿ 110ರಿಂದ 113ರ ನಡುವೆ ಸಮ ಅನಿಸುತ್ತೆ. ಗೂಗಲ್‌ನ ಮೆಟೀರಿಯಲ್ ಐಕಾನ್ ಚೌಕಟ್ಟಿನಲ್ಲೂ ಇದೇ ಲೆಕ್ಕ: 24ರ ಜಾಗದಲ್ಲಿ ಚೌಕಕ್ಕೆ 18, ವೃತ್ತಕ್ಕೆ 20. ಮಂಡಳಿಗೆ ಕರಡುಗಳನ್ನು ಪಕ್ಕಪಕ್ಕ ತೋರಿಸುವ ಮೊದಲು ಇದನ್ನು ಸರಿ ಮಾಡಿಕೊಳ್ಳಿ. ಇಲ್ಲದಿದ್ದರೆ ಅವರು ಚೌಕವನ್ನು "ಗಟ್ಟಿ" ಅನ್ನೋದು ಅದು ದೊಡ್ಡದಾಗಿ ಕಾಣುವ ಕಾರಣಕ್ಕೆ, ಆಕಾರಕ್ಕಲ್ಲ.

ಚೌಕವನ್ನು 45 ಡಿಗ್ರಿ ತಿರುಗಿಸಿ ವಜ್ರದಾಕಾರ ಮಾಡುವ ಆಲೋಚನೆ ಯಾರಿಗಾದರೂ ಬಂದೇ ಬರುತ್ತೆ. ಆಗ ಎತ್ತರ 141 ಆಗುತ್ತೆ, ಒಂದೇ ಚುಕ್ಕಿಯ ಮೇಲೆ ನಿಂತ ಹಾಗೆ ಕಾಣುತ್ತೆ. ಅದೇ ಚೌಕ, ಆದರೆ ಕಣ್ಣು ಅದನ್ನು ಬೇರೆಯೇ ಆಕೃತಿ ಅಂತ ಓದುತ್ತೆ. ಭದ್ರತೆ ಬೇಕಾದವರಿಗೆ ಆ ನಿಲುವು ಹೊಂದಲ್ಲ.

ಮೂಲೆಯ ರೇಡಿಯಸ್ಸನ್ನು ಮಿಲಿಮೀಟರಿನಲ್ಲಿ ಯೋಚಿಸಬೇಡಿ, ಬದಿಯ ಶೇಕಡಾವಾರಿನಲ್ಲಿ ಯೋಚಿಸಿ. ಇದು ನನ್ನ ಕೈಲೆಕ್ಕ, ನಿಯಮವಲ್ಲ: ಬದಿಯ ಶೇ. 3ರ ಒಳಗೆ ಇದ್ದರೆ ಚೂಪು ಅಂತಲೇ ಓದುತ್ತಾರೆ, ಬರೀ ಕತ್ತರಿಸಿದ ಅಂಚಿನ ಒರಟು ಹೋಗುತ್ತೆ. 8ರಿಂದ 12ರ ತನಕ ಗಟ್ಟಿತನ ಉಳಿದು ಸ್ವಲ್ಪ ಸೌಮ್ಯ ಬರುತ್ತೆ. 20 ದಾಟಿದರೆ ಮೊಬೈಲ್ ಆ್ಯಪಿನ ಐಕಾನು. 30ರ ಮೇಲೆ ವೃತ್ತದ ಕಡೆಗೇ ವಾಲುತ್ತೆ, ಚೌಕದ ಗುಣ ಹೋಗಿರುತ್ತೆ. ನಿಮಗೆ 10ರ ಆಸುಪಾಸು ಸಾಕು.

ಜನ ಎಡವೋದು ಮುಂದಿನ ಎರಡು ಕಡೆ.

ಒಂದು, ಒಳಗಿನ ಮೂಲೆ. ಹೊರಗಿನ ರೇಡಿಯಸ್ 20, ಅಂಚಿನ ದಪ್ಪ 12 ಇದ್ದರೆ ಒಳಗಿನ ರೇಡಿಯಸ್ 8 ಆಗಬೇಕು, ಅಂದರೆ ಹೊರಗಿನದರಿಂದ ದಪ್ಪ ಕಳೆಯಬೇಕು. ಎರಡಕ್ಕೂ 20 ಕೊಟ್ಟರೆ ಮೂಲೆಗಳಲ್ಲಿ ಮಾತ್ರ ಅಂಚು ಊದಿಕೊಳ್ಳುತ್ತೆ. ಕಳೆದಾಗ ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಬಂದರೆ ಒಳಮೂಲೆಯನ್ನು ಚೂಪಾಗಿಯೇ ಬಿಡಿ.

ಎರಡು, ನೇರಗೆರೆ ಕಂಸಕ್ಕೆ ಸೇರುವ ಜಾಗ. ಕೋರಲ್, ಇಲಸ್ಟ್ರೇಟರ್, ಇಂಕ್‌ಸ್ಕೇಪ್ ಥರದ ಡಿಸೈನ್ ಸಾಫ್ಟ್‌ವೇರ್ ಎಲ್ಲವೂ ಮೂಲೆಗೆ ವೃತ್ತದ ಕಾಲು ಭಾಗವನ್ನು ಅಂಟಿಸುತ್ತವೆ. ನೇರಗೆರೆಯ ಬಾಗು ಸೊನ್ನೆ, ಕಂಸ ಶುರುವಾದ ಕೂಡಲೇ ಪೂರ್ತಿ ಬಾಗು. ಆ ಹಠಾತ್ ಬದಲಾವಣೆಯನ್ನು ಕಣ್ಣು ಸಣ್ಣ ಉಬ್ಬಾಗಿ ಕಾಣುತ್ತೆ. ಬೋರ್ಡಿನ ಗಾತ್ರಕ್ಕೆ ಬಂದಾಗ ಇನ್ನೂ ಎದ್ದು ಕಾಣುತ್ತೆ. ಫಿಗ್ಮಾದಲ್ಲಿ ಕಾರ್ನರ್ ಸ್ಮೂತಿಂಗ್ ಶೇ. 60 ಇಟ್ಟರೆ ಐಫೋನ್ ಐಕಾನಿನ ಥರದ ಹರಿಯುವ ಮೂಲೆ ಸಿಗುತ್ತೆ. ಉಳಿದ ಸಾಫ್ಟ್‌ವೇರಿನಲ್ಲಿ ಕೈಯಿಂದ ಮಾಡೋದು ಹೀಗೆ: 20 ರೇಡಿಯಸ್ಸಿನಷ್ಟು ದುಂಡು ಬೇಕಿದ್ದರೆ ನೋಡ್‌ಗಳನ್ನು (ಗೆರೆಯನ್ನು ಹಿಡಿದಿಡುವ ಚುಕ್ಕಿಗಳನ್ನು) ಮೂಲೆಯಿಂದ 20ರ ಬದಲು 28ರ ದೂರದಲ್ಲಿಡಿ. ಅವುಗಳ ಹ್ಯಾಂಡಲನ್ನು (ಬಾಗು ಹೊಂದಿಸುವ ಕಡ್ಡಿಯನ್ನು) ಮೂಲೆಯ ಕಡೆಗೆ 21 ಎಳೆಯಿರಿ, ಅಂದರೆ ಆ ದೂರದ ಮುಕ್ಕಾಲು ಭಾಗ. ಸಾಮಾನ್ಯ ಕಂಸದಲ್ಲಿ ಇದು ಶೇ. 55 ಮಾತ್ರ ಇರುತ್ತೆ. ಮೂಲೆ ಕತ್ತರಿಸಿದ ಪ್ರಮಾಣ ಹೆಚ್ಚುಕಡಿಮೆ ಅದೇ ಉಳಿದು, ಬಾಗು ನಿಧಾನವಾಗಿ ಶುರುವಾಗುತ್ತೆ.

ಏರುವ ಮೂರು ಪಟ್ಟಿ ಇಟ್ಟುಕೊಳ್ಳೋದಾದರೆ, ಪಟ್ಟಿಗಳ ನಡುವಿನ ಖಾಲಿ ಜಾಗ ಪಟ್ಟಿಯ ಅಗಲದ ಅರ್ಧಕ್ಕಿಂತ ಕಡಿಮೆ ಮಾಡಬೇಡಿ. ಮಾಡಿದರೆ 16 ಪಿಕ್ಸೆಲಿನಲ್ಲಿ ಮೂರೂ ಅಂಟಿಕೊಂಡು ಒಂದೇ ಮುದ್ದೆಯಾಗುತ್ತೆ.

---

ಒತ್ತಕ್ಷರ ಉತ್ತರ:

ಅಕ್ಷರದ ವಿಷಯ ಯಾರೂ ಎತ್ತಿಲ್ಲ. ನಿಮ್ಮ ಲೋಗೋದಲ್ಲಿ ಗುರುತಿಗಿಂತ ಹೆಚ್ಚು ಜಾಗ ಹಿಡಿಯೋದು ಹೆಸರು. ಕನ್ನಡ ಅಕ್ಷರ ಮೊದಲೇ ದುಂಡು. "ಸಹಕಾರಿ" ಅಂತ ಬರೆದು ನೋಡಿ. ತಲೆಕಟ್ಟನ್ನು ಬಿಟ್ಟರೆ ನೇರಗೆರೆ ಹುಡುಕಬೇಕು. ಇಂಗ್ಲಿಷ್ ಲೋಗೋ ಪಾಠದಲ್ಲಿ ವೃತ್ತ ಹಾಕಿ ಮೃದು ಮಾಡಿ ಅಂತಾರೆ. ಅಲ್ಲಿ ಎಚ್, ಇ, ಎಲ್ ಥರದ ಕಡ್ಡಿ ಅಕ್ಷರಗಳ ಪಕ್ಕ ವೃತ್ತ ಬೇರೆಯಾಗಿ ಎದ್ದು ಕಾಣುತ್ತೆ. ನಮ್ಮಲ್ಲಿ ವೃತ್ತದ ಪಕ್ಕ ಆರು ದುಂಡಕ್ಷರ ಬಂದರೆ ವೃತ್ತವೇ ಕಳೆದುಹೋಗುತ್ತೆ. ಚೌಕ ಪಕ್ಕದಲ್ಲಿದ್ದರೆ ಅಕ್ಷರದ ದುಂಡು ಎದ್ದು ಕಂಡು ಆಪ್ತತೆಯ ಕೆಲಸವನ್ನು ತಾನೇ ಮಾಡುತ್ತೆ. ಹಾಗಾಗಿ ನನ್ನ ಮತ ಕಾರ್ಯದರ್ಶಿಗೆ.

ಫಾಂಟಿನ ಆಯ್ಕೆಯಲ್ಲಿ ನೋಡಬೇಕಾದ್ದು ಗೆರೆಯ ತುದಿ. ಬಾಲೂ ತಮ್ಮ ಅನ್ನುವ ಫಾಂಟಿನಲ್ಲಿ ತುದಿಗಳು ದುಂಡು, ಗೆರೆ ದಪ್ಪ. ತಿಂಡಿ, ಮಕ್ಕಳ ಸಾಮಾನಿಗೆ ಚೆನ್ನ. ಠೇವಣಿ ರಸೀದಿಯ ಮೇಲೆ ಸ್ವಲ್ಪ ಆಟದ ಹಾಗೆ ಕಾಣುತ್ತೆ. ಅನೇಕ್ ಕನ್ನಡ ಫಾಂಟಿನಲ್ಲಿ ಅಗಲ, ದಪ್ಪ ಎರಡನ್ನೂ ಬೇಕಾದಷ್ಟಕ್ಕೆ ಹೊಂದಿಸಬಹುದು, ಉದ್ದ ಹೆಸರಿಗೆ ಅದು ದೊಡ್ಡ ಅನುಕೂಲ. ಒಂದೇ ಪದವನ್ನು ಎರಡರಲ್ಲೂ ಹಾಕಿ, ಗುರುತನ್ನು ಮರೆಮಾಡಿ, ನಾಲ್ಕು ಜನಕ್ಕೆ ತೋರಿಸಿ. ಲೋಗೋದ ಸ್ವಭಾವದಲ್ಲಿ ಎಷ್ಟು ಪಾಲು ಅಕ್ಷರದ್ದು ಅಂತ ಗೊತ್ತಾಗುತ್ತೆ.

ಈಗ ವೃತ್ತದ ಸುತ್ತ ಬರೆಯುವ ವಿಚಾರ. ಇಲ್ಲಿ ಕನ್ನಡಕ್ಕೇ ಒಂದು ತೊಡಕಿದೆ. ಮೇಲಿನ ಕಮಾನಿನಲ್ಲಿ ಅಕ್ಷರದ ತಲೆ ಹೊರಕ್ಕೆ, ಬುಡ ಒಳಕ್ಕೆ. ತಲೆ ಅಗಲುತ್ತೆ, ಬುಡ ಕಿರಿದಾಗುತ್ತೆ. ನಮ್ಮ ಒತ್ತು ಇರೋದೇ ಬುಡದಲ್ಲಿ. 40 ಮಿ.ಮೀ. ವ್ಯಾಸದ ಸೀಲಿನಲ್ಲಿ ಅಕ್ಷರದ ಸಾಲು 15 ಮಿ.ಮೀ. ರೇಡಿಯಸ್ಸಿನ ಮೇಲೆ ಕೂತು, ಒತ್ತು 2 ಮಿ.ಮೀ. ಕೆಳಗಿಳಿದರೆ ಅಲ್ಲಿ ಸಿಗುವ ಜಾಗ 15ಕ್ಕೆ 13, ಅಂದರೆ ಶೇ. 13 ಕಡಿಮೆ. "ಪತ್ತಿನ" ಪದದ ತ್ತಿಯಲ್ಲಿ ಕೆಳಗಿನ ತ ಒತ್ತು ಬಲಕ್ಕೆ ಚಾಚಿ ನ ಅಕ್ಷರದ ಬುಡಕ್ಕೆ ತಗಲುತ್ತೆ. ಸೀಲಿನ ಮಸಿಯಲ್ಲಿ ಎರಡೂ ಕೂಡಿಕೊಳ್ಳುತ್ತೆ. ಕೆಳಗಿನ ಕಮಾನಿನಲ್ಲಿ ಇದು ತಿರುವುಮುರುವು: ಬುಡ ಹೊರಕ್ಕೆ ಬರೋದರಿಂದ ಒತ್ತಿಗೆ ಧಾರಾಳ ಜಾಗ, ಆದರೆ ತಲೆಕಟ್ಟುಗಳು ಒಂದಕ್ಕೊಂದು ಹತ್ತಿರ ಬರುತ್ತವೆ. "ಸೌಹಾರ್ದ"ದ ಅರ್ಕಾವೊತ್ತು ಪಕ್ಕದಲ್ಲಿ ಕೂರೋದರಿಂದ ಅದರಿಂದ ತೊಂದರೆಯಿಲ್ಲ, ಅಗಲ ಮಾತ್ರ ಹೆಚ್ಚು ಬೇಡುತ್ತೆ.

ಆದ್ದರಿಂದ ಸಂಘದ ಹೆಸರು ಮೇಲಿನ ಕಮಾನಿನಲ್ಲಿ, "ಸೌಹಾರ್ದ ಪತ್ತಿನ ಸಹಕಾರಿ ನಿಯಮಿತ" ಕೆಳಗಿನದರಲ್ಲಿ. ಹೆಸರಿನಲ್ಲೇ ಒತ್ತಕ್ಷರ ಇದ್ದರೆ ಮೇಲಿನ ಸಾಲಿಗೆ ಅಕ್ಷರಗಳ ನಡುವಿನ ಅಂತರ ಸ್ವಲ್ಪ ಸಡಿಲ ಮಾಡಿ, ಒತ್ತು ಬರುವ ಜಾಗದಲ್ಲಿ ಕೈಯಿಂದ ಇನ್ನಷ್ಟು ಬಿಡಿಸಿ. ಇಡೀ ಸಾಲಿಗೆ ಒಂದೇ ಸಮ ಹಿಗ್ಗಿಸಿದರೆ ಒತ್ತಿಲ್ಲದ ಕಡೆ ಅಕ್ಷರ ಚದುರಿದಂತೆ ಕಾಣುತ್ತೆ. ಈ ಸುತ್ತುಬರಹ ಸೀಲಿಗೆ ಮಾತ್ರ ಇರಲಿ. ಬೋರ್ಡಿನ ಮೇಲೆ ನೇರ ಸಾಲೇ ಓದೋಕೆ ಸುಲಭ.

---

ಬೋರ್ಡ್_ಶಾಪ್ ಉತ್ತರ:

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಆದರೆ ಕಂಪ್ಯೂಟರಿನಲ್ಲಿ ಕೂತ ಆಕಾರ ಮೆಷಿನ್ನಿಗೆ ಹೋದ ಮೇಲೆ ಅದೇ ಆಕಾರವಾಗಿ ಉಳಿಯಲ್ಲ, ಅದನ್ನು ಈಗಲೇ ತಿಳ್ಕೊಂಡ್ರೆ ಒಳ್ಳೇದು.

ಎಸಿಪಿ ಶೀಟನ್ನು (ಬೋರ್ಡಿಗೆ ಹಾಕುವ ಅಲ್ಯುಮಿನಿಯಂ ಹಾಳೆ) ಸಿಎನ್‌ಸಿ ರೂಟರಿನಲ್ಲಿ, ಅಂದ್ರೆ ಕಂಪ್ಯೂಟರ್ ನಡೆಸುವ ಕಟಿಂಗ್ ಮೆಷಿನ್ನಿನಲ್ಲಿ, ಕಟ್ ಮಾಡೋದು. ಬಿಟ್ ದುಂಡಗೆ ತಿರುಗುತ್ತೆ. 3 ಮಿ.ಮೀ. ಬಿಟ್ ಹಾಕಿದ್ರೆ ಒಳಮೂಲೆ 1.5 ಮಿ.ಮೀ. ರೇಡಿಯಸ್ಸಿಗಿಂತ ಚೂಪು ಬರೋಕೆ ಸಾಧ್ಯವೇ ಇಲ್ಲ. ಹೊರಮೂಲೆ ಚೂಪು ಬರುತ್ತೆ, ಒಳಮೂಲೆ ಬರಲ್ಲ, ಎರಡೂ ಬೇರೆ ಬೇರೆ ಕಾಣುತ್ತೆ. ಅಕ್ರಿಲಿಕ್ ಲೇಸರಿನಲ್ಲಿ ಒಳಮೂಲೆ ಚೂಪು ಬರುತ್ತೆ, ಆದರೆ ಬಿರುಕು ಶುರುವಾಗೋದೂ ಆ ಮೂಲೆಯಿಂದಲೇ. ಸ್ಕ್ರೂ ಬಿಗಿದು ಬಿಸಿಲಿಗೆ ಬಿಟ್ಟರೆ ಇನ್ನೂ ಬೇಗ. ಅದಕ್ಕೇ ಲೋಗೋ ಫೈಲಿನಲ್ಲೇ ಒಳಮೂಲೆಗಳಿಗೆ ಸಣ್ಣ ರೇಡಿಯಸ್ ಕೊಟ್ಟುಬಿಡಿ. ನೀವು ಕೊಡದಿದ್ರೆ ಮೆಷಿನ್ ಕೊಡುತ್ತೆ, ಅದು ನಿಮಗೆ ಬೇಕಾದ ಹಾಗೆ ಇರಲ್ಲ.

ಎಲ್‌ಇಡಿ ಲೆಟರ್ ಮಾಡಿಸೋದಾದ್ರೆ ಚೂಪು ತುದಿಗಳೇ ತಲೆನೋವು. ಒಳಗೆ ಕೂರಿಸುವ ದೀಪದ ತುಣುಕಿನ, ಅಂದ್ರೆ ಮಾಡ್ಯೂಲಿನ, ಅಗಲಕ್ಕಿಂತ ಕಿರಿದಾದ ಜಾಗಕ್ಕೆ ಮಾಡ್ಯೂಲ್ ಹೋಗಲ್ಲ. ತ್ರಿಕೋನದ ತುದಿ ರಾತ್ರಿ ಕಪ್ಪಗೆ ಕಾಣುತ್ತೆ, ಹಗಲು ತ್ರಿಕೋನ ಇದ್ದದ್ದು ರಾತ್ರಿ ಮೊಂಡಾಗುತ್ತೆ. ದುಂಡು ಮೂಲೆ ಚೌಕಕ್ಕೆ ಆ ತೊಂದರೆ ಕಡಿಮೆ. ವಿನೈಲ್ ಸ್ಟಿಕ್ಕರೂ ಅಷ್ಟೇ: ಚೂಪು ಮೂಲೆ ಮೊದಲು ಏಳುತ್ತೆ, ಧೂಳು ಹಿಡಿಯುತ್ತೆ, ಆಮೇಲೆ ಪೂರ್ತಿ ಸುಲಿಯುತ್ತೆ. 3 ಮಿ.ಮೀ. ದುಂಡು ಮಾಡಿದ್ರೂ ಸಾಕು.

ಶರ್ಟಿನ ಕಸೂತಿಯಲ್ಲಿ ವೃತ್ತ ವೃತ್ತವಾಗಿ ಬರಲ್ಲ. ದಾರ ಹೋಗುವ ದಿಕ್ಕಿನಲ್ಲಿ ಬಟ್ಟೆಯನ್ನು ಒಳಕ್ಕೆ ಎಳೆಯುತ್ತೆ, ಮೊಟ್ಟೆಯಾಕಾರ ಆಗುತ್ತೆ. ಕಸೂತಿ ಮೆಷಿನ್ನಿಗೆ ಫೈಲ್ ಮಾಡೋರಿಗೆ (ಡಿಜಿಟೈಸ್ ಮಾಡೋರಿಗೆ) ಪುಲ್ ಕಾಂಪನ್ಸೇಶನ್, ಅಂದ್ರೆ ಆ ಎಳೆತ ಸರಿದೂಗಿಸೋಕೆ ಕೊಡುವ ಹೆಚ್ಚುವರಿ ಅಗಲ, 0.2ರಿಂದ 0.4 ಮಿ.ಮೀ. ಇಡೋಕೆ ಹೇಳಿ. ತೆಳು ಟೀ ಶರ್ಟಿಗೆ ಹೆಚ್ಚು, ದಪ್ಪ ಬಟ್ಟೆಗೆ ಕಡಿಮೆ. 1 ಮಿ.ಮೀ.ಗಿಂತ ತೆಳುವಾದ ಪಟ್ಟಿ ಬೇಡ. ಕನ್ನಡ ಹೆಸರನ್ನು ಜೇಬಿನ ಮೇಲೆ ಸಣ್ಣಕ್ಕೆ ಹೊಲಿಸಿದ್ರೆ ಒತ್ತು ಎಲ್ಲಾ ಗಂಟಾಗುತ್ತೆ, ಗುರುತು ಮಾತ್ರ ಹೊಲಿಸಿ.

ಸೀಲಿಗೆ 0.3 ಮಿ.ಮೀ.ಗಿಂತ ತೆಳು ಗೆರೆ ನಿಲ್ಲಲ್ಲ. ಮಸಿ ಹರಡಿ ಸಣ್ಣ ಖಾಲಿ ಜಾಗ ಮುಚ್ಚಿಹೋಗುತ್ತೆ. ಅದಕ್ಕಾಗಿ ಸೀಲಿಗೆ ಬೇರೆ ಫೈಲು ಮಾಡಿ, ಪಟ್ಟಿಗಳ ನಡುವಿನ ಸಂದನ್ನು ಸ್ವಲ್ಪ ಅಗಲಿಸಿ. ಆಕಾರ ಅದೇ ಇರಲಿ.

ಇನ್ನೊಂದು: ಫೈಲ್ ಕೊಡುವಾಗ ಅಕ್ಷರವನ್ನು ಕರ್ವ್‌ಗೆ ಕನ್ವರ್ಟ್ ಮಾಡಿಯೇ (ಫಾಂಟಿನ ಅಕ್ಷರವನ್ನು ಬರೀ ಗೆರೆಯ ಚಿತ್ರ ಮಾಡಿ) ಕೊಡಿ. ಹಳೇ ಕೋರಲ್‌ನಲ್ಲಿ ಯೂನಿಕೋಡ್ ತೆರೆದ್ರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ರಾತ್ರೋರಾತ್ರಿ ಪ್ರಿಂಟ್ ಆಗಿ ಹೋದ ಮೇಲೆ ಹೇಳಿ ಪ್ರಯೋಜನವಿಲ್ಲ.

---

ಗೆರೆಗಾರ:

ಎಲ್ಲರಿಗೂ ಧನ್ಯವಾದ. ತ್ರಿಕೋನ ಕೈಬಿಟ್ಟೆ, ಕೈ ಕುಲುಕೋದನ್ನೂ ಬಿಟ್ಟೆ. ಹೊರಗೆ ಚೌಕ, ಮೂಲೆ ಶೇ. 10 ದುಂಡು, ಒಳಗೆ ಪಟ್ಟಿಗಳ ಬದಲು ವೃತ್ತದ ಖಾಲಿ ಜಾಗ, ಅದರೊಳಗೆ ಒಂದು ಸಣ್ಣ ಅಡಿಕೆ ಸಿಂಗಾರ (ಅಡಿಕೆಯ ಹೂಗೊಂಚಲು). ಬಣ್ಣ ಹಸಿರು. ಇದು ಸರಿಯಾಗುತ್ತಾ? ಮಂಡಳಿಯಲ್ಲಿ ತೋರಿಸುವ ಮೊದಲು ಪರೀಕ್ಷೆ ಮಾಡೋದು ಹೇಗೆ? ನೋಂದಣಿ ವಿಷಯದಲ್ಲಿ ಏನಾದರೂ ತೊಡಕಿದೆಯೇ?

---

ಕಪ್ಪುಬಿಳುಪು ಉತ್ತರ:

ಹಸಿರು ಚೌಕ, ಒಳಗೆ ದುಂಡು ಅಂದ ಕೂಡಲೇ ಬಿಸ್ಕತ್ತಿನ ಪೊಟ್ಟಣದ ಸಸ್ಯಾಹಾರಿ ಗುರುತು ಕಣ್ಣಿಗೆ ಬರುತ್ತೆ: ಹಸಿರು ಅಂಚಿನ ಚೌಕ, ನಡುವೆ ಹಸಿರು ಚುಕ್ಕಿ. ನಿಮ್ಮದರಲ್ಲಿ ಚೌಕ ತುಂಬಿದೆ, ವೃತ್ತ ಖಾಲಿ, ಆದರೂ ಒಂದು ಬಣ್ಣದಲ್ಲಿ ಸಣ್ಣದಾಗಿ ಅಚ್ಚಾದಾಗ ಹತ್ತಿರ ಹತ್ತಿರ ಹೋಗುತ್ತೆ. ಬಣ್ಣ ಬದಲಿಸಿ, ಇಲ್ಲವೇ ವೃತ್ತವನ್ನು ನಡುವಿನಿಂದ ಸರಿಸಿ ಒಂದು ಅಂಚಿಗೆ ತೆರೆದುಕೊಳ್ಳುವಂತೆ ಮಾಡಿ. ಪ್ರಾಸಂಗಿಕವಾಗಿ, ಆಕಾರದ ಬಲ ತೋರಿಸೋಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮೊದಲು ಮಾಂಸಾಹಾರಕ್ಕೂ ಕಂದು ಬಣ್ಣದ ದುಂಡು ಚುಕ್ಕಿಯೇ ಇತ್ತು. ಹಸಿರು, ಕಂದು ಬೇರೆ ಮಾಡಿ ನೋಡಲಾಗದ ಬಣ್ಣಗುರುಡಿನವರಿಗೆ ಎರಡೂ ಒಂದೇ. ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ಕಂದು ತ್ರಿಕೋನ ಮಾಡಿತು. ಬಣ್ಣದ ಕೈಲಾಗದ ಕೆಲಸ ಆಕಾರದಿಂದ ಆಯಿತು. ನಿಮ್ಮ ಲೋಗೋವೂ ಬಣ್ಣ ತೆಗೆದಾಗ ಗುರುತು ಸಿಗಬೇಕು, ಪಾಸ್‌ಬುಕ್ಕಿನ ಜೆರಾಕ್ಸ್ ಪ್ರತಿಯಲ್ಲಿ ಬಣ್ಣ ಇರಲ್ಲ.

ಪರೀಕ್ಷೆಗೆ ಸಭೆ ಬೇಡ. ಲೋಗೋವನ್ನು ಪೂರ್ತಿ ಕಪ್ಪು ಮಾಡಿ, ಒಳಗಿನ ವಿವರ ತೆಗೆದು, ಬರೀ ನೆರಳಿನಂಥ ಆಕಾರ ಉಳಿಸಿ. 16 ಮತ್ತು 32 ಪಿಕ್ಸೆಲಿಗೆ ಇಳಿಸಿ ನೋಡಿ. ಆಮೇಲೆ ಅದೇ ಬೀದಿಯ ಬ್ಯಾಂಕು, ಫೈನಾನ್ಸು, ಬೇರೆ ಸಂಘಗಳ ಗುರುತುಗಳನ್ನೂ ಕಪ್ಪು ಮಾಡಿ ಒಂದೇ ಹಾಳೆಯಲ್ಲಿ ಜೋಡಿಸಿ. ನಿಮ್ಮದು ಎಲ್ಲಿದೆ ಅಂತ ಒಂದು ನೋಟಕ್ಕೆ ಸಿಗದಿದ್ದರೆ ಒಳಗಿನ ಸಿಂಗಾರ ಎಷ್ಟು ಚೆಂದವಿದ್ದರೂ ಉಪಯೋಗವಿಲ್ಲ. ವೃತ್ತಗಳೇ ತುಂಬಿರುವ ಬೀದಿಯಲ್ಲಿ ಚೌಕ ಎದ್ದು ಕಾಣುತ್ತೆ, ಚೌಕಗಳ ಬೀದಿಯಲ್ಲಿ ವೃತ್ತ. ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಮೊದಲು ಆ ಹಾಳೆ ತೋರಿಸಿ, ವಾದ ಅರ್ಧ ಅಲ್ಲೇ ಇಳಿಯುತ್ತೆ.

ಸದಸ್ಯರನ್ನು ಕೇಳುವಾಗ "ಚೆನ್ನಾಗಿದೆಯಾ" ಅಂತ ಕೇಳಬೇಡಿ, ಎಲ್ಲರೂ ಹೌದು ಅಂತಾರೆ. ಒಂದೊಂದೇ ತೋರಿಸಿ, ಎರಡು ಸೆಕೆಂಡಿಗೆ ಮುಚ್ಚಿ, "ಇವರದ್ದು ಏನು ವ್ಯಾಪಾರ ಇರಬಹುದು?" ಅಂತ ಕೇಳಿ. ಔಷಧಿ ಅಂಗಡಿ, ನರ್ಸರಿ ಅಂತ ಉತ್ತರ ಬಂದರೆ ಎಲ್ಲಿ ತಪ್ಪಿದೆ ಅಂತ ಗೊತ್ತಾಗುತ್ತೆ. ಆಮೇಲೆ ಪೆನ್ನು ಕೊಟ್ಟು ನೆನಪಿನಿಂದ ಬರೆಯಲು ಹೇಳಿ. ಕೈಯಲ್ಲಿ ಬರೋದು ಹೊರಗಿನ ಆಕಾರ ಮತ್ತು ಒಂದೇ ಒಂದು ವಿಶೇಷ. ಆ ವಿಶೇಷ ಯಾವುದು ಅಂತ ನೋಡಿಕೊಂಡು ಉಳಿದದ್ದನ್ನು ಕಮ್ಮಿ ಮಾಡಿ.

ವಾಟ್ಸಾಪ್ ಡಿಪಿ ದುಂಡಗೆ ಕತ್ತರಿಸುತ್ತೆ. ವೃತ್ತದೊಳಗೆ ಹಿಡಿಯುವ ಚೌಕದ ಬದಿ ವ್ಯಾಸದ ಶೇ. 70.7. 500 ಪಿಕ್ಸೆಲಿನ ಚಿತ್ರದಲ್ಲಿ ಚೌಕ 353 ದಾಟಿದರೆ ಮೂಲೆ ಹೋಗುತ್ತೆ. ಮೂಲೆ ದುಂಡಾಗಿರೋದರಿಂದ ಸ್ವಲ್ಪ ಹೆಚ್ಚು ಹಿಡಿಯುತ್ತೆ, ಆದರೂ 340 ಇಟ್ಟರೆ ಉಸಿರಾಡೋಕೆ ಜಾಗ ಇರುತ್ತೆ. ಮುಂದೆ ಆ್ಯಂಡ್ರಾಯ್ಡ್ ಆ್ಯಪ್ ಮಾಡಿಸಿದರೆ ಐಕಾನಿನ ಹಾಳೆ 108, ಅದರಲ್ಲಿ ಯಾವ ಫೋನಿನಲ್ಲೂ ಕತ್ತರಿಸದ ಭಾಗ ನಡುವಿನ 66ರ ವೃತ್ತ ಮಾತ್ರ.

ನೋಂದಣಿ: ಬರೀ ಚೌಕ, ಬರೀ ವೃತ್ತದ ಮೇಲೆ ಹಕ್ಕು ಸಿಗೋದು ಕಷ್ಟ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಬೇರೆಯವರದ್ದರಿಂದ ಪ್ರತ್ಯೇಕಿಸುವ ಗುಣ ಇಲ್ಲದ ಗುರುತನ್ನು ತಿರಸ್ಕರಿಸುತ್ತಾರೆ. ಹಾಗಾಗಿ ಗುರುತು ಮತ್ತು ಹೆಸರು ಒಟ್ಟಿಗೆ ಇರುವ ಪ್ರತಿಯನ್ನು 36ನೇ ವರ್ಗದಲ್ಲಿ (ಹಣಕಾಸು ಸೇವೆಗಳ ವರ್ಗ) ಸಲ್ಲಿಸಿ. ಅದಕ್ಕೂ ಮೊದಲು ಟ್ರೇಡ್‌ಮಾರ್ಕ್ ಕಚೇರಿಯ ಸಾರ್ವಜನಿಕ ಹುಡುಕಾಟದಲ್ಲಿ ವಿಯೆನ್ನಾ ಸಂಕೇತ ಹಾಕಿ ನೋಡಿ, ಚಿತ್ರದ ಬಗೆಗಳನ್ನು ಅದರಲ್ಲಿ ಅಂಕಿಯಿಂದ ವಿಂಗಡಿಸಿರುತ್ತಾರೆ. ಸಹಕಾರ ಸಂಘಗಳಲ್ಲಿ ಅಶೋಕ ಚಕ್ರ ಸೇರಿಸುವ ಆಸೆ ಯಾರಿಗಾದರೂ ಇದ್ದೇ ಇರುತ್ತೆ. 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆಯ ಪಟ್ಟಿಯಲ್ಲಿ ಅದಿದೆ, ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಬಳಸುವಂತಿಲ್ಲ.

---

ನೋಡ್_ಮತ್ತು_ಹ್ಯಾಂಡಲ್:

ಒಳಗೆ ಖಾಲಿ ವೃತ್ತ ಬರೋದರಿಂದ ಒಂದು ಸೇರಿಸ್ತೀನಿ. ಗಾಢ ಬಣ್ಣದ ನಡುವಿನ ಬಿಳಿ ಜಾಗ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತೆ. ಬಿಳಿ ಹಿನ್ನೆಲೆಗೆ ಒಂದು ಫೈಲು, ಗಾಢ ಹಿನ್ನೆಲೆಗೆ ಬಣ್ಣ ತಿರುವಿದ ಇನ್ನೊಂದು ಫೈಲು ಬೇಕೇ ಬೇಕು. ಬರೀ ಬಣ್ಣ ತಿರುವಿ ಬಿಟ್ಟರೆ ಎರಡನೆಯದರಲ್ಲಿ ಬಿಳಿ ಚೌಕ ಊದಿದಂತೆ, ಸಿಂಗಾರ ದಪ್ಪವಾದಂತೆ ಕಾಣುತ್ತೆ. ತಿರುವಿದ ಪ್ರತಿಯಲ್ಲಿ ಬಿಳಿ ಗೆರೆಗಳನ್ನು ಶೇ. 3ರಿಂದ 5 ತೆಳು ಮಾಡಿ, ಎರಡನ್ನೂ ಪಕ್ಕದಲ್ಲಿಟ್ಟು ಸಮ ಅನಿಸುವ ತನಕ ಸರಿಹೊಂದಿಸಿ. ಸಿಂಗಾರದ ಎಸಳು ಐದಕ್ಕಿಂತ ಹೆಚ್ಚು ಬೇಡ. 32 ಪಿಕ್ಸೆಲಿಗೆ ಮೂರೇ ಎಸಳಿನ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಿ, 16ಕ್ಕೆ ಸಿಂಗಾರ ತೆಗೆದು ಚೌಕ ಮತ್ತು ಖಾಲಿ ವೃತ್ತ ಮಾತ್ರ.